ಗಡಿಗೆಯೊಳಗಿನ ಇನ್ಸುಲಿನ್

2021ರ ಮೇ ತಿಂಗಳು, ಕೊರೊನಾ ಲಾಕ್‌ಡೌನ್. ಮರಿಯಮ್ಮನಹಳ್ಳಿಯ ಕಿರಾಣಿ, ತರಕಾರಿ ವ್ಯಾಪಾರವೆಲ್ಲ ಬೆಳಿಗ್ಗೆ ಆರರಿಂದ ಹತ್ತರೊಳಗೆ ಮುಗಿಯಬೇಕು. ಇದೇ ಊರಿನ ಜೋಗತಿ ಕಲಾವಿದೆ ಮಂಜಮ್ಮ ಜೋಗತಿಯವರಿಗೆ ಪದ್ಮಶ್ರೀ ಘೋಷಣೆಯಾಗಿ ಊರು ಹಿಗ್ಗಿ ಇನ್ನೂ ನಾಲ್ಕು ತಿಂಗಳಾಗಿರಲಿಲ್ಲ. ಈಗ ಈ ನಾಟಕದ ಊರಲ್ಲಿ ತಾಲೀಮೂ ಇಲ್ಲ, ಹಾರ್ಮೋನಿಯಂ ಸದ್ದೂ ಇಲ್ಲ. ಹೆದ್ದಾರಿಯ ಮೇಲೆ ಸರಕಿನ ಲಾರಿಗಳಷ್ಟೇ ಓಡುತ್ತವೆ. ಹೊಸಪೇಟೆ ಬಸ್ಸು ನಿಂತಿದೆ. ಔಷಧಿ ಅಂಗಡಿ ಮುಂದೆ ಸುಣ್ಣದಲ್ಲಿ ಎಳೆದ ದುಂಡುಗಳೊಳಗೆ ಜನ ನಿಂತಿದ್ದಾರೆ. ಓದು ಬಾರದ ಅಜ್ಜನೊಬ್ಬ ಗುಳಿಗೆಯ ಖಾಲಿ ಪಟ್ಟಿಯನ್ನೇ ಎತ್ತಿ ತೋರಿಸುತ್ತಾನೆ: “ಶುಗರಿಂದು ತಮ್ಮಾ, ಇದಽ ಕೊಡು. ಒಂದು ತಿಂಗಳದ್ದು ಕೊಟ್ಟುಬಿಡು.”

ಓಣಿಯೊಳಗಿನ ಒಂದು ಅಡುಗೆಮನೆ. ಮೂಲೆಯಲ್ಲಿ ದೊಡ್ಡ ಗಡಿಗೆ, ಅದರೊಳಗೆ ಒದ್ದೆ ಮರಳು, ಮರಳಿನ ನಡುವೆ ಚಿಕ್ಕ ಗಡಿಗೆ. ಅದರ ಬಾಯಿಗೆ ಹಾಸಿದ ಹಸಿ ಬಟ್ಟೆ ಸರಿಸಿ ಸೊಸೆ ಇನ್ಸುಲಿನ್ ಬುಡ್ಡಿ ತೆಗೆಯುತ್ತಾಳೆ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದೆ, ನೀರು ತಾಕದ ಹಾಗೆ. ಬಿಸಿಲು ನಲವತ್ತು ಡಿಗ್ರಿ ಮುಟ್ಟುವ ಸೀಮೆಯಿದು. ಮನೆಯಲ್ಲಿ ಫ್ರಿಜ್ ಇಲ್ಲ. ತೆರೆಯದ ಬುಡ್ಡಿಗೆ 2ರಿಂದ 8 ಡಿಗ್ರಿಯ ತಂಪು ಬೇಕು. ಅಷ್ಟು ತಂಪು ಗಡಿಗೆಯಿಂದ ಆಗದು, ಆದರೆ ಬಳಕೆಯಲ್ಲಿರುವ ಬುಡ್ಡಿಯನ್ನು ಧಗೆಯಿಂದ ಕಾಯಬಲ್ಲದು. ಹತ್ತು ಎಂ.ಎಲ್. ಬುಡ್ಡಿಯಲ್ಲಿ 400 ಯೂನಿಟ್. ಅತ್ತೆಗೆ ಬೆಳಿಗ್ಗೆ ಹನ್ನೆರಡು, ರಾತ್ರಿ ಎಂಟು. ಇಪ್ಪತ್ತು ದಿನಕ್ಕೆ ಬುಡ್ಡಿ ಖಾಲಿ. ಗೋಡೆಯ ಕ್ಯಾಲೆಂಡರಿನಲ್ಲಿ ಹದಿನಾರನೆಯ ದಿನಕ್ಕೇ ಕೆಂಪು ಗೆರೆ ಎಳೆದಿದ್ದಾಳೆ. ಬಸ್ಸಿಲ್ಲದ ಊರಲ್ಲಿ ಹೊಸ ಬುಡ್ಡಿ ತರಿಸಲು ನಾಲ್ಕು ದಿನ ಕೈಯಲ್ಲಿರಲೇಬೇಕು. ಡಾಕ್ಟರಿಕೆ ಓದಿಲ್ಲದ ಈ ಹೆಣ್ಣುಮಗಳ ಲೆಕ್ಕದಲ್ಲಿ ಒಂದು ಯೂನಿಟ್ಟೂ ತಪ್ಪಿಲ್ಲ.

ಬಾಗಿಲಾಚೆ ಆಶಾ ಕಾರ್ಯಕರ್ತೆ ನಿಂತೇ ಕೂಗುತ್ತಾಳೆ: “ಯಮ್ಮಾ, ಸೂಜಿ ತಗೊಂಡು ಉಣ್ಣದಂಗ ಇರಬ್ಯಾಡ್ರಿ. ಬೆವರು ಬಂದು ಕೈ ನಡುಗಿದ್ರ ತಕ್ಷಣ ಸಕ್ರಿ ಬಾಯಾಗ ಹಾಕ್ಕೋರಿ.” ಜ್ವರ, ಕೆಮ್ಮು ಕೇಳುತ್ತಾಳೆ, ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸುತ್ತಾಳೆ, ಮುಂದಿನ ಮನೆಗೆ ಹೋಗುತ್ತಾಳೆ.

ಕಷ್ಟವಿದ್ದದ್ದು ತಟ್ಟೆಯಲ್ಲಿ. ಕೂಲಿ ನಿಂತು ಕೈ ಬರಿದಾದ ದಿನಗಳಲ್ಲಿ ಗರೀಬ್ ಕಲ್ಯಾಣ್ ಯೋಜನೆಯಡಿ ಒಬ್ಬೊಬ್ಬರಿಗೆ ತಿಂಗಳಿಗೆ 5 ಕೆ.ಜಿ. ಹೆಚ್ಚುವರಿ ಧಾನ್ಯ ಬಂತು. ನಮ್ಮ ಕಡೆ ಬಂದದ್ದು ಅಕ್ಕಿ. ಆ ಅಕ್ಕಿ ಎಷ್ಟೋ ಒಲೆ ಉರಿಸಿತು, ಅದರ ಋಣ ದೊಡ್ಡದು. ಆದರೆ ರೊಟ್ಟಿ ಉಣ್ಣುವ ಮನೆಗಳಲ್ಲಿ ಮೂರು ಹೊತ್ತೂ ಅನ್ನವಾಯಿತು. ಜೋಳ ಕೊಳ್ಳಲು ಕಾಸಿಲ್ಲ, ನಡೆದಾಡಲು ಬೀದಿಯಿಲ್ಲ. ಆ ಅಕ್ಕಿಯ ಜೊತೆ ನಾಲ್ಕು ಸೇರು ಜೋಳ, ಒಂದಿಷ್ಟು ಹೆಸರುಕಾಳು ಕೊಟ್ಟಿದ್ದರೆ ಸಕ್ಕರೆ ಕಾಯಿಲೆಯವರ ಪಾಡು ಬೇರೆಯಾಗುತ್ತಿತ್ತು ಎಂದು ನನಗೆ ಈಗಲೂ ಅನಿಸುತ್ತದೆ. ಈ ಸೊಸೆ ಇದ್ದಷ್ಟು ಜೋಳದ ಹಿಟ್ಟನ್ನು ಅತ್ತೆಗೇ ಎತ್ತಿಟ್ಟಳು. ಒಂದೂವರೆ ರೊಟ್ಟಿ, ಮೇಲೆ ಪುಂಡಿಪಲ್ಲೆ. ಮಕ್ಕಳಿಗೆ ಅನ್ನ ಸಾರು. ಸಂಜೆ ಮಾಳಿಗೆಯ ಮೇಲೆ ಅತ್ತೆಯ ಕೈ ಹಿಡಿದು ಅತ್ತಿಂದಿತ್ತ ನಡೆಸುತ್ತಿದ್ದಳು.

ಕೊರೊನಾ ಬಂದವರ ಸಂಕಟ ಬೇರೆಯೇ. ಅತ್ತ ತೋರಣಗಲ್ಲಿನಲ್ಲಿ ಜಿಂದಾಲ್ ಉಕ್ಕಿನ ಕಾರ್ಖಾನೆಯ ಆಮ್ಲಜನಕವನ್ನೇ ಪೈಪಿನಲ್ಲಿ ತಂದು ಸಾವಿರ ಹಾಸಿಗೆಯ ತಾತ್ಕಾಲಿಕ ಆಸ್ಪತ್ರೆ ಕಟ್ಟಿದರು. ಉಸಿರು ಉಳಿಸಲು ಕೊಡುವ ಸ್ಟೆರಾಯ್ಡ್ ಸಕ್ಕರೆಯನ್ನು ಏರಿಸುತ್ತದೆ. ಏರಿದ ಸಕ್ಕರೆಯಲ್ಲಿ ಕಪ್ಪು ಶಿಲೀಂಧ್ರ ಮೂಗಿನಿಂದ ಕಣ್ಣಿಗೆ ಹತ್ತುತ್ತದೆ. ಅದೇ ಮೇ ತಿಂಗಳಲ್ಲಿ ಕರ್ನಾಟಕ ಅದನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ರೋಗವೆಂದು ಘೋಷಿಸಿತು. ಗುಣವಾಗಿ ಮನೆಗೆ ಬಂದವರು ಕನ್ನಡಿ ಮುಂದೆ ನಿಂತು ಕೆನ್ನೆ ಒತ್ತಿ ನೋಡಿಕೊಳ್ಳುತ್ತಿದ್ದರು: ಬಾವು ಬಂದಿದೆಯಾ, ಒಂದೇ ಕಡೆ ನೋವಿದೆಯಾ? ಗ್ಲುಕೋಮೀಟರ್ ಇದ್ದ ಮನೆಗೆ ಅಕ್ಕಪಕ್ಕದವರು ಬಂದು ಬೆರಳು ಚಾಚುತ್ತಿದ್ದರು. ಪ್ರತಿಯೊಬ್ಬರಿಗೂ ಹೊಸ ಸೂಜಿ, ಹೊಸ ಪಟ್ಟಿ. ಅದರ ದುಡ್ಡು ಕಟ್ಟೆಯ ಮೇಲಿಟ್ಟು ಹೋಗುತ್ತಿದ್ದರು.

ಜೂನ್ ಕಳೆಯುವ ಹೊತ್ತಿಗೆ ಬಸ್ಸು ಹೊರಟಿತು. ಸೊಸೆ ಅತ್ತೆಯನ್ನು ಹೊಸಪೇಟೆಗೆ ಕರೆದೊಯ್ದು ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿದಳು. ಚೀಟಿಯಲ್ಲಿ 7.4 ಎಂದಿತ್ತು. “ಏನವ್ವಾ, ಜಾಸ್ತಿ ಐತೇನು?” ಎಂದಳು ಅತ್ತೆ. “ಇಲ್ಲತ್ತಿ, ಮೊದಲಿಗಿಂತ ಕಮ್ಮಿ ಐತಿ” ಎಂದು ಸೊಸೆ ಚೀಟಿಯನ್ನು ಮಡಚದೆ ಕೈಯಲ್ಲೇ ಹಿಡಿದು, ಮರಿಯಮ್ಮನಹಳ್ಳಿ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಹುಡುಕಿದಳು.