ಕರುಳಿನ ಉರಿಯೂತ: ನರಗಳ ಪಾತ್ರವೇನು?

ಕೆಟ್ಟ ಸುದ್ದಿ ಕೇಳಿದಾಗ 'ಕರುಳು ಚುರ್ರೆಂದಿತು' ಎನ್ನುತ್ತೇವೆ. ಇದು ಬರೀ ಮಾತಲ್ಲ. ಅನ್ನನಾಳದಿಂದ ಗುದದ್ವಾರದವರೆಗಿನ ಗೋಡೆಯಲ್ಲಿ 10 ಕೋಟಿಗೂ ಹೆಚ್ಚು ನರಕೋಶಗಳ ಜಾಲವಿದೆ. ರೋಗನಿರೋಧಕ ಕಣಗಳ ದೊಡ್ಡ ಪಡೆಯೂ ಕರುಳಿನಲ್ಲಿಯೇ ಬೀಡುಬಿಟ್ಟಿರುತ್ತದೆ. ಇವೆರಡೂ ಸದಾ ಮಾತನಾಡಿಕೊಳ್ಳುತ್ತವೆ.

ಉಗರಗೋಳದ ಹತ್ತಿರದ ಎಲ್ಲಮ್ಮನ ಗುಡ್ಡಕ್ಕೆ ಜಾತ್ರೆಗೆ ಹೋದಾಗಲೋ, ಮದುವೆ ಮನೆಯಲ್ಲೋ ಕೆಟ್ಟ ನೀರು ಕುಡಿದಿರಿ ಎನ್ನಿ. ರೋಗಾಣುಗಳ ವಿರುದ್ಧ ಬಿಳಿ ರಕ್ತಕಣಗಳು ಹೋರಾಡುತ್ತವೆ. ಕರುಳು ಕೆಂಪಾಗಿ ಊದಿಕೊಳ್ಳುತ್ತದೆ. ಇದೇ ಉರಿಯೂತ. ರೋಗಾಣು ಸತ್ತ ಮೇಲೆ ಸಾಮಾನ್ಯವಾಗಿ ಅದು ಶಮನವಾಗುತ್ತದೆ. ಕೆಲವರಲ್ಲಿ ಮಾತ್ರ ಹೋರಾಟ ನಿಲ್ಲುವುದೇ ಇಲ್ಲ. ದೊಡ್ಡ ಕರುಳಿನಲ್ಲಿ ಹುಣ್ಣಾಗುವ ಅಲ್ಸರೇಟಿವ್ ಕೊಲೈಟಿಸ್ ಮತ್ತು ಜೀರ್ಣಾಂಗದ ಯಾವ ಭಾಗದಲ್ಲಾದರೂ ಬರಬಹುದಾದ ಕ್ರೋನ್ಸ್ ರೋಗ ಇಂಥವು.

ಈ ಹೋರಾಟಕ್ಕೆ ನರಗಳು ಬ್ರೇಕೂ ಹೌದು, ಕಿಚ್ಚೂ ಹೌದು. ಮೆದುಳಿನಿಂದ ಹೊಟ್ಟೆಗೆ ಇಳಿಯುವ ವೇಗಸ್ ನರವನ್ನು ಪ್ರಚೋದಿಸಿದರೆ ಉರಿಯೂತ ತಗ್ಗುತ್ತದೆ ಎಂದು ಅಮೆರಿಕದ ಕೆವಿನ್ ಟ್ರೇಸಿ ಮತ್ತು ಸಂಗಡಿಗರು 2000ರಲ್ಲಿ ಇಲಿಗಳಲ್ಲಿ ತೋರಿಸಿದರು. ಬಹುಕಾಲದ ಮಾನಸಿಕ ಒತ್ತಡವು ಕರುಳಿನ ನರಜಾಲದ ಮೂಲಕವೇ ಉರಿಯೂತ ಹೆಚ್ಚಿಸುತ್ತದೆ ಎಂಬುದು 2023ರಲ್ಲಿ ಇಲಿಗಳ ಮೇಲೆ ನಡೆದ ಇನ್ನೊಂದು ಅಧ್ಯಯನದಿಂದ ತಿಳಿದುಬಂತು.

ಹಾಗೆಂದು 'ಚಿಂತಿ ಬಿಡು, ಬ್ಯಾನಿ ತಾನಾಗಿ ಹೋಗತೈತಿ' ಎಂದು ರೋಗಿಯನ್ನು ಮೂದಲಿಸಬೇಡಿ. ಚಿಂತೆ ರೋಗವನ್ನು ಕೆರಳಿಸಬಹುದು. ಚಿಂತೆಯೊಂದೇ ಅದಕ್ಕೆ ಕಾರಣವಲ್ಲ. ನಿದ್ದೆ, ನಡಿಗೆ, ಧ್ಯಾನಗಳಿಂದ ನೆಮ್ಮದಿ ಸಿಗುತ್ತದೆ, ಆದರೆ ಅವು ಔಷಧಕ್ಕೆ ಬದಲಲ್ಲ. ಆರಾಮವೆನಿಸಿತೆಂದು ಗುಳಿಗೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ.

ಭೇದಿ ಎರಡು-ಮೂರು ವಾರವಾದರೂ ನಿಲ್ಲದಿದ್ದರೆ, ಮಲದಲ್ಲಿ ರಕ್ತ ಅಥವಾ ಲೋಳೆ ಕಂಡರೆ, ರಾತ್ರಿ ನಿದ್ದೆಯಿಂದೆದ್ದು ಶೌಚಕ್ಕೆ ಓಡಬೇಕಾದರೆ, ತೂಕ ಇಳಿದರೆ ವೈದ್ಯರಲ್ಲಿಗೆ ಹೋಗಿ. 'ಉಷ್ಣ ಆಗೈತಿ', 'ಮೂಲವ್ಯಾಧಿ ಇರಬೇಕು' ಎಂದು ಸುಮ್ಮನೆ ಕೂಡಬೇಡಿ. ಮಲಪರೀಕ್ಷೆ, ರಕ್ತಪರೀಕ್ಷೆಗಳ ಜೊತೆಗೆ ದುರ್ಬೀನಿನಿಂದ ಕರುಳನ್ನು ನೋಡುವ ಕೊಲೊನೋಸ್ಕೋಪಿಯೂ ಬೇಕಾಗಬಹುದು. ಅದಕ್ಕೆ ಬೆಳಗಾವಿ, ಹುಬ್ಬಳ್ಳಿ, ಧಾರವಾಡಗಳಲ್ಲಿ ಅನುಕೂಲವಿದೆ.

ಒಂದು ಎಚ್ಚರಿಕೆ. ನಮ್ಮ ದೇಶದಲ್ಲಿ ಕರುಳಿನ ಕ್ಷಯವೂ ಕ್ರೋನ್ಸ್ ರೋಗದಂತೆಯೇ ಕಾಣಿಸಿಕೊಳ್ಳುತ್ತದೆ. ಕ್ರೋನ್ಸ್‌ಗೆ ಕೊಡುವ ಸ್ಟೀರಾಯ್ಡ್ ಕ್ಷಯವನ್ನು ಉಲ್ಬಣಗೊಳಿಸುತ್ತದೆ. ಆದ್ದರಿಂದ ಹಳೆಯ ಚೀಟಿ ತೋರಿಸಿ ಅಂಗಡಿಯಿಂದ ಗುಳಿಗೆ ತಂದು ನುಂಗಬೇಡಿ. ಮೊದಲು ರೋಗ ಯಾವುದೆಂದು ಗೊತ್ತಾಗಲಿ, ಚಿಕಿತ್ಸೆ ಆಮೇಲೆ.