ಮಧುಮೇಹದ ಮಗುವಿಗೆ ಶಾಲೆಯಲ್ಲಿ ಕೀಟೋನ್ ಪರೀಕ್ಷೆ

ವಿಜಯನಗರವಿರಲಿ, ಕೆಂಗೇರಿಯಿರಲಿ, ಶಾಲೆಯಲ್ಲಿ ಮಗು ವಾಂತಿ ಮಾಡಿದರೆ ‘ತಿಂಡಿ ಒಗ್ಗಿಲ್ಲ’ ಎಂದು ಸುಮ್ಮನಾಗುವುದುಂಟು. ಟೈಪ್ 1 ಮಧುಮೇಹವಿರುವ ಮಗುವಿನ ವಿಷಯದಲ್ಲಿ ಹಾಗೆ ಸುಮ್ಮನಿರುವಂತಿಲ್ಲ. ಇನ್ಸುಲಿನ್ ಸಾಲದಾದಾಗ ದೇಹವು ಸಕ್ಕರೆಯ ಬದಲು ಕೊಬ್ಬನ್ನು ಕರಗಿಸುತ್ತದೆ. ಆಗ ಹುಟ್ಟುವ ಕೀಟೋನ್‌ಗಳು ಮಿತಿಮೀರಿದರೆ ರಕ್ತ ಆಮ್ಲೀಯವಾಗಿ ಪ್ರಾಣಕ್ಕೇ ಅಪಾಯ.

ಪರೀಕ್ಷೆ ಸುಲಭ. ಸಕ್ಕರೆ 250 ಮಿಲಿಗ್ರಾಂ ದಾಟಿದರೆ ಅಥವಾ ಹೊಟ್ಟೆನೋವು, ವಾಂತಿ ಕಂಡರೆ ಪಟ್ಟಿಯನ್ನು ಮೂತ್ರದಲ್ಲಿ ಅದ್ದಿ, ಡಬ್ಬಿಯಲ್ಲಿ ಸೂಚಿಸಿದಷ್ಟು ಸೆಕೆಂಡು ಕಾದು ಬಣ್ಣ ಹೋಲಿಸಬೇಕು. ನೇರಳೆ ಗಾಢವಾದಷ್ಟೂ ಕೀಟೋನ್ ಹೆಚ್ಚು. ಮಧ್ಯಮ ಪ್ರಮಾಣವಿದ್ದರೂ ಆಟ ನಿಲ್ಲಿಸಿ, ಕೂಡಲೇ ಮನೆಗೂ ವೈದ್ಯರಿಗೂ ತಿಳಿಸಬೇಕು. ವಾಂತಿ ನಿಲ್ಲದಿದ್ದರೆ, ಏದುಸಿರು ಬಂದರೆ ನೇರ ಆಸ್ಪತ್ರೆಗೆ. ಮಗು ಉಣ್ಣಲಿಲ್ಲವೆಂದು ಇನ್ಸುಲಿನ್ ಪೂರ್ತಿ ನಿಲ್ಲಿಸಬಾರದು.

ಇಂತಹ ಮಕ್ಕಳಿಗೆ ವೈದ್ಯರ ಸಲಹೆಯಂತೆ ತರಗತಿಯಲ್ಲೇ ರಕ್ತ ಪರೀಕ್ಷೆ, ಇನ್ಸುಲಿನ್, ತಿಂಡಿಗೆ ಅವಕಾಶ ಕೊಡಬೇಕೆಂದು ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ 2023ರಲ್ಲೇ ಸೂಚಿಸಿದೆ. ಆದರೆ ಮೂತ್ರ ಪರೀಕ್ಷೆಗೆ ಶೌಚಾಲಯಕ್ಕೆ ಹೋಗಬೇಕು. ಹೆಣ್ಣುಮಕ್ಕಳು ಸಂಕೋಚದಿಂದ ಕೇಳದೇ ಉಳಿಯಬಹುದು. ತಾಯಂದಿರೇ, ಪಟ್ಟಿಯ ಡಬ್ಬಿ ಮತ್ತು ವೈದ್ಯರ ಚೀಟಿಯೊಂದಿಗೆ ನೀವೇ ಶಾಲೆಗೆ ಹೋಗಿ, ನಂಬಿಕೆಯ ಒಬ್ಬ ಶಿಕ್ಷಕಿಗೆ ಎಲ್ಲವನ್ನೂ ತಿಳಿಸಿ ಬನ್ನಿ.