ನಿಮಗಿದು ಗೊತ್ತೆ? ಗಾಲಿಕುರ್ಚಿಯವನ ಓಟ

ಆನ್‌ಲೈನ್ ಗೇಮ್‌ಗಳಲ್ಲಿ ಆಟಗಾರನ ಪರವಾಗಿ ಓಡಾಡುವ ಪಾತ್ರವನ್ನು ಜಗತ್ತೆಲ್ಲ 'ಅವತಾರ್' ಎನ್ನುತ್ತದೆ. ಹೌದು, ನಮ್ಮ ದಶಾವತಾರದ ಅವತಾರವೇ! 1985ರ 'ಅಲ್ಟಿಮಾ 4' ಎಂಬ ಗೇಮ್ ಈ ಪದ ಬಳಸಿತ್ತು. ಆಮೇಲೆ ಲ್ಯೂಕಾಸ್‌ಫಿಲ್ಮ್‌ನ 'ಹ್ಯಾಬಿಟಾಟ್' ತೆರೆಯ ಮೇಲಿನ ಆಟಗಾರರ ಬೊಂಬೆಗಳಿಗೆ ಇದೇ ಹೆಸರಿಟ್ಟಿತು.

ಹೀಗೆ ಹಾಕಿಕೊಂಡ ವೇಷ ಮನುಷ್ಯನನ್ನೇ ಬದಲಿಸಬಹುದು. ಸ್ಟ್ಯಾನ್‌ಫರ್ಡ್‌ನ ನಿಕ್ ಯೀ ಮತ್ತು ಜೆರೆಮಿ ಬೇಲೆನ್ಸನ್ 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಎತ್ತರದ ಅವತಾರ ಸಿಕ್ಕವರು ಹಣ ಹಂಚಿಕೊಳ್ಳುವ ಚೌಕಾಸಿಯಲ್ಲಿ ಗಿಡ್ಡ ಅವತಾರದವರಿಗಿಂತ ಹೆಚ್ಚು ಪಟ್ಟು ಹಿಡಿದರು.

ಆದರೆ ಪ್ರಯೋಗಾಲಯಕ್ಕಿಂತ ಗಾಢವಾದ ಕತೆ ನಾರ್ವೆಯದು. ಮಾಟ್ಸ್ ಸ್ಟೀನ್‌ಗೆ ಸ್ನಾಯುಗಳು ಸವೆಯುತ್ತ ಹೋಗುವ ಡುಶೆನ್ ಕಾಯಿಲೆ. ಗಾಲಿಕುರ್ಚಿಯೇ ಗತಿ, ಕೊನೆಕೊನೆಗೆ ಬೆರಳುಗಳಷ್ಟೇ ಅವನ ಮಾತು ಕೇಳುತ್ತಿದ್ದವು. 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಎಂಬ ಆನ್‌ಲೈನ್ ಗೇಮ್‌ನಲ್ಲಿ ಮಾತ್ರ ಅವನು ಐಬೆಲಿನ್ ಎಂಬ ಕಟ್ಟುಮಸ್ತಾದ ಪತ್ತೇದಾರ. ಲಾಗಿನ್ ಆದೊಡನೆ ಮೊದಲ ಕೆಲಸ, ಆ ಲೋಕದ ಹಾದಿಯಲ್ಲಿ ಒಂದು ಸುತ್ತು ಓಟ! ಕಾಯಿಲೆಯ ವಿಷಯವನ್ನು ಜೊತೆಗಾರರಿಂದ ಬಹುಕಾಲ ಮುಚ್ಚಿಟ್ಟಿದ್ದ.

2014ರಲ್ಲಿ, 25ನೇ ವಯಸ್ಸಿಗೆ ತೀರಿಕೊಂಡ. ಮಗನಿಗೆ ಸ್ನೇಹಿತರೇ ಇರಲಿಲ್ಲವೆಂದು ಕೊರಗುತ್ತಿದ್ದ ಹೆತ್ತವರು ಸಾವಿನ ಸುದ್ದಿಯನ್ನು ಅಂತರ್ಜಾಲದಲ್ಲಿ ಹಾಕಿದರು. ನಾನಾ ದೇಶಗಳಿಂದ ಇಮೇಲ್‌ಗಳು ಬರತೊಡಗಿದವು: ಒಬ್ಬರ ಸಂಸಾರದ ಬಿಕ್ಕಟ್ಟಿಗೆ ಅವನು ದಾರಿ ತೋರಿಸಿದ್ದ, ಇನ್ನೊಬ್ಬರ ಖಿನ್ನತೆಗೆ ಕಿವಿಯಾಗಿದ್ದ. ಕೆಲವರು ಅಂತ್ಯಕ್ರಿಯೆಗೇ ಬಂದರು. ಈ ಬದುಕು 2024ರಲ್ಲಿ ಸಾಕ್ಷ್ಯಚಿತ್ರವಾಗಿಯೂ ತೆರೆ ಕಂಡಿದೆ. ಗೆಳೆಯರು ಇಂದಿಗೂ ಅವನ ನೆನಪಿಗೆ ಆಟದೊಳಗೆ ಒಟ್ಟಾಗಿ ಓಡುತ್ತಾರೆ, ಅವನದೇ ಹಾದಿಯಲ್ಲಿ.